ರೇಸ್ ಪುಸ್ತಕದ ಓದುಗರು

ದಹಿಸರ್‌ನಿಂದ ಹೊರಟು, ಬೊರಿವಲಿಯಲ್ಲಿ ಸ್ಲೋ ಲೋಕಲ್ ಹಿಡಿದು ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಹೋಗುವ ಕುದುರೆ ರೇಸ್ ಮಂದಿಯಷ್ಟು ಶ್ರದ್ಧೆಯ ಓದುಗರನ್ನು ನಾನು ಯಾವ ಗ್ರಂಥಾಲಯದಲ್ಲೂ ಕಂಡಿಲ್ಲ. ಕೈಯಲ್ಲಿ ತೆಳ್ಳನೆಯ ರೇಸ್ ಪುಸ್ತಕ. ಕುದುರೆಯ ವಯಸ್ಸು, ಅಪ್ಪ-ಅಮ್ಮನ ಹೆಸರು, ಜಾಕಿ, ಹೊರಬೇಕಾದ ತೂಕ, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತೆಂಬ ಅಂಕಿ. ನಮ್ಮ ಜಾತಕಗಳೂ ಇಷ್ಟು ಪ್ರಾಮಾಣಿಕವಲ್ಲ. ಸೋತದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಚಿನಲ್ಲಿ ಪೆನ್ಸಿಲ್ ಗುರುತು, ಅದರ ಮೇಲೆ ಮತ್ತೆ ಕಾಟು. ಈ ಓದುಗರ ಮಾತು ಡರ್ಬಿಗೂ ಹೋಗುತ್ತದೆ: 1943ರ ಮೊದಲ ಇಂಡಿಯನ್ ಡರ್ಬಿ ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಡರ್ಬಿಯ ದೂರ 2,400 ಮೀಟರ್. ಅಲ್ಲಿ ವೇಗವೊಂದೇ ಸಾಲದು, ದಮ್ಮು ಬೇಕು. ವಂಶದ ಸಾಲಿಗೆ ಬೆಲೆ ಬರುವುದು ಆಗಲೇ. ನಾನು ದುಡ್ಡು ಕಟ್ಟುವವನಲ್ಲ. ಆದರೂ ಪಕ್ಕದವರ ಪುಟದತ್ತ ಇಣುಕುತ್ತೇನೆ; ಅಂಧೇರಿ ದಾಟುವುದರೊಳಗೆ ಅವರೇ ಹಿಂದಿಯಲ್ಲಿ ನನ್ನ ಅಭಿಪ್ರಾಯ ಕೇಳಿರುತ್ತಾರೆ.