ಎಷ್ಟು ತೆರೆಯುತ್ತದೆ ಆ ಕಿಟಕಿ?

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳಲ್ಲಿ ಹಳೆಯ ಮನೆಯ ರಿಪೇರಿ ಶುರುವಾದರೆ ಮೊದಲು ಕಿತ್ತು ಬರುವುದು ಕಿಟಕಿ. ಹೊನ್ನೆಯದೋ ಮತ್ತಿಯದೋ ಚೌಕಟ್ಟು, ಅದಕ್ಕೆ ಪೋಣಿಸಿದ ಕಬ್ಬಿಣದ ಸರಳು, ಎರಡು ಹಲಗೆ ಕದ. ಆ ಜಾಗಕ್ಕೆ ಬಿಳಿ ಯುಪಿವಿಸಿ ಸ್ಲೈಡಿಂಗ್ ಬಂದು ಕೂರುತ್ತದೆ. ಅದನ್ನು ಹಾಕಿಸಿದರೆ ಸೆಕೆ, ದೂಳು, ಸದ್ದು ಮೂರೂ ಹೊರಗೇ ನಿಲ್ಲುತ್ತವೆ ಎಂಬುದು ಈಗ ಯಾರೂ ಪ್ರಶ್ನಿಸದ ಮಾತು. ಸಾಲ ಮಾಡಿ ಮನೆ ಹೊಸತು ಮಾಡಿಸುವವರೂ ಇದನ್ನೇ ನಂಬಿ ದುಡ್ಡು ಹಾಕುತ್ತಾರೆ. ಈ ಮಾತು ದೂಳು, ಸದ್ದಿನ ಮಟ್ಟಿಗೆ ಅರ್ಧ ನಿಜ; ಸೆಕೆಯ ಮಟ್ಟಿಗೆ ಪೂರ್ತಿ ಸುಳ್ಳು.

ಯುಪಿವಿಸಿ ಚೌಕಟ್ಟು, ಜೋಡಿ ಗಾಜು ಇವೆಲ್ಲ ಹೆಸರು ಮಾಡಿದ್ದು ಚಳಿ ದೇಶಗಳಲ್ಲಿ. ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಇರುವಾಗ ಹೀಟರಿನ ಕಾವು ಚೌಕಟ್ಟಿನಿಂದ ಸೋರಿಹೋಗಬಾರದು. ಅಲ್ಲಿ ಅದಕ್ಕೆ ಬೆಲೆಯುಂಟು. ಹಾರೋಹಳ್ಳಿಯ ಮನೆಗಳಲ್ಲಿ ಒಳಗಿಗೂ ಹೊರಗಿಗೂ ಅಷ್ಟು ಅಂತರ ಬರುವುದೇ ಇಲ್ಲ. ಇಲ್ಲಿ ಕಿಟಕಿಯಿಂದ ಬರುವ ಕಾವಿನಲ್ಲಿ ದೊಡ್ಡ ಪಾಲು ಗಾಜಿನ ಮೇಲೆ ನೇರ ಬೀಳುವ ಬಿಸಿಲಿನದು. ಬಣ್ಣವಿಲ್ಲದ ಒಂಟಿ ಗಾಜು ಆ ಕಾವಿನಲ್ಲಿ ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ಅಂಥದೇ ಗಾಜನ್ನು ಜೋಡಿಯಾಗಿ ಹಾಕಿದರೆ ಶೇ 70ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಚೌಕಟ್ಟು ಮರದ್ದಾದರೂ ಪ್ಲಾಸ್ಟಿಕ್ಕಿನದಾದರೂ ಈ ಲೆಕ್ಕ ಹೆಚ್ಚು ಕದಲದು. ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯಬೇಕು. ಏಪ್ರಿಲ್ ಕೊನೆಯ ಮಧ್ಯಾಹ್ನ ಸೂರ್ಯ ಇಲ್ಲಿ ನಡುನೆತ್ತಿಯ ಮೇಲಿರುತ್ತಾನೆ. ಆಗ ಕಿಟಕಿಯ ಮೇಲಿನ ಸಜ್ಜಾವೇ ಸಾಕು. ಮೂರು ಗಂಟೆ ಕಳೆದ ಮೇಲೆ ಪಡುವಣದಿಂದ ತಗ್ಗಿ ಬರುವ ಬಿಸಿಲು ಸಜ್ಜಾಕ್ಕೆ ಬಗ್ಗುವುದಿಲ್ಲ. ಅದಕ್ಕೆ ಹಲಗೆ ಕದವೇ ಬೇಕು, ಇಲ್ಲವೇ ಹೊರಗಡೆ ಬಿದಿರಿನ ತಟ್ಟಿ. ಹಳೆಯ ಕಿಟಕಿಯಲ್ಲಿ ಆ ಕದ ಇತ್ತು. ಅದನ್ನು ಕಿತ್ತು ಗಾಜು ಕೂರಿಸಿ ಒಳಗೆ ಪರದೆ ಎಳೆದುಕೊಂಡರೆ, ಪರದೆ ತಡೆಯುವ ಹೊತ್ತಿಗೆ ಕಾವು ಕೋಣೆಯೊಳಗೆ ಬಂದಾಗಿರುತ್ತದೆ.

ಇನ್ನು ಗಾಳಿ. ರೇಷ್ಮೆ ಬೆಳೆಯುವ ಈ ಸೀಮೆಗೆ ಗಾಳಿಯ ಪಾಠವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕನಕಪುರ, ರಾಮನಗರದ ಎಷ್ಟೋ ಮನೆಗಳಲ್ಲಿ ಹುಳುವೂ ಜನವೂ ಒಂದೇ ಸೂರಿನಡಿ ಇದ್ದವರು. 1980ರಲ್ಲಿ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗಲೂ ರೈತರು ಹುಳುಮನೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿ ಕೂರಲಿಲ್ಲ, ನೈಲಾನ್ ಪರದೆ ಹೊಡೆದರು. ಯಾಕೆಂದರೆ ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಂಕಿ ತಟ್ಟೆ ಏರಿದ ಮೇಲೆ ಕೋಣೆಯ ತೇವ ಹೊರಹೋಗದಿದ್ದರೆ ಗೂಡಿನಿಂದ ನೂಲು ಸರಾಗ ಬಿಚ್ಚದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಬಿದ್ದುಹೋಗುತ್ತದೆ. ಹುಳುವಿಗೆ ಕೊಟ್ಟ ಗಾಳಿಯನ್ನು ಮನುಷ್ಯರು ತಮಗೆ ತಾವೇ ಕಡಿತ ಮಾಡಿಕೊಳ್ಳುವುದು ನನಗೆ ನೋವಿನ ಸಂಗತಿ.

ಕಡಿತ ಎಂದದ್ದು ಲೆಕ್ಕ ಹಾಕಿಯೇ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯ ಪ್ರಕಾರ ಬೆಂಗಳೂರಿನಂಥ ಹಿತಹವೆಯ ಸೀಮೆಯಲ್ಲಿ ಮನೆಯ ನೆಲದ ಶೇ 12.5ರಷ್ಟಾದರೂ ತೆರೆಯಬಲ್ಲ ಜಾಗ ಇರಬೇಕು. ಬಾಗಿಲಿನಂತೆ ತೆರೆಯುವ ಕಿಟಕಿಯ ಶೇ 90ನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಎರಡು ಕದದ ಸ್ಲೈಡಿಂಗಿಗೆ ಬರೀ ಶೇ 50. ಸಂಹಿತೆ ಬರೆದದ್ದು ದೊಡ್ಡ ನಿವೇಶನಗಳಿಗೆ, ನಿಜ. ಆದರೆ ಶ್ವಾಸಕ್ಕೆ ನಿವೇಶನದ ಅಳತೆ ಗೊತ್ತಿಲ್ಲ. ಹತ್ತಡಿ ಹನ್ನೆರಡಡಿಯ ಕೋಣೆಗೆ 15 ಚದರಡಿ ಬೇಕು. ನಾಲ್ಕಡಿ ಚೌಕದ ಹಳೆಯ ಕಿಟಕಿ 14ಕ್ಕೂ ಹೆಚ್ಚು ಕೊಡುತ್ತಿತ್ತು. ಅದೇ ಜಾಗಕ್ಕೆ ಸ್ಲೈಡಿಂಗ್ ಹಾಕಿಸಿದರೆ ಸಿಗುವುದು 8. ಗೋಡೆ ಒಡೆಯುವುದು ಬೇಡವೆಂದು ಹಳೆಯ ಚೌಕಟ್ಟಿನೊಳಗೇ ಹೊಸದನ್ನು ತುರುಕಿದರೆ ಇನ್ನೂ ಕಡಿಮೆ.

ದೂಳು ಮತ್ತು ಸದ್ದಿನ ದೂರು ಸುಳ್ಳಲ್ಲ. ಇಲ್ಲಿ ಹಾದುಹೋಗುವ ಕನಕಪುರ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 948; ಕಾರ್ಖಾನೆಗೆ ಹೋಗಿಬರುವ ಲಾರಿಗಳು, ಕಲ್ಲು ಹೊತ್ತ ಟಿಪ್ಪರುಗಳು ಹಗಲಿರುಳು ಓಡಾಡುತ್ತವೆ. ಆದರೆ ಎರಡನ್ನೂ ಒಳಗೆ ಬಿಡುವುದು ಸಂದು. ಸದ್ದಿಗೆ ಎದುರಾದ ಮೈಯಲ್ಲಿ ನೂರಕ್ಕೆ ಒಂದು ಪಾಲು ಸಂದು ಉಳಿದರೂ ಸಾಕು, ಎಷ್ಟೇ ದಪ್ಪ ಗಾಜು ಹಾಕಿಸಿ, 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು. ಸ್ಲೈಡಿಂಗ್ ಕದ ಸರಿದಾಡಬೇಕಾದ್ದರಿಂದ ಅದರ ಅಂಚಿಗೆ ಬರೀ ಬ್ರಷ್ ಇರುತ್ತದೆ, ಕೆಳಗಿನ ಟ್ರ್ಯಾಕಿನಲ್ಲಿ ದೂಳು ಕೂತು ಮಳೆ ನೀರಿನೊಂದಿಗೆ ಕೆಸರಾಗುತ್ತದೆ. ಚೌಕಟ್ಟಿಗೆ ಒತ್ತಿ ಮುಚ್ಚುವ ಕದದಲ್ಲಿ ರಬ್ಬರ್ ಗ್ಯಾಸ್ಕೆಟ್ ಅದುಮಿ ಕೂರುತ್ತದೆ. ಅಂಥ ಗ್ಯಾಸ್ಕೆಟ್ಟನ್ನು ಹಳೆಯ ಮರದ ಕದಕ್ಕೂ ಕೂರಿಸಬಹುದು. ಒಳ್ಳೆಯ ಆಚಾರಿಯೊಬ್ಬ ಕದ ಕೆತ್ತಿ ಸಮ ಮಾಡಿ, ಸಡಿಲಾದ ಕೀಲು ಬದಲಿಸಿದರೆ ಅರ್ಧ ದೂರು ಮುಗಿಯುತ್ತದೆ.

ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಕೋಣೆಗಳ ಮಾತು ಬೇರೆಯೇ ಇದೆ, ನನಗೆ ಹೆಚ್ಚು ಕಾಡುವುದೂ ಅದೇ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲು ಹತ್ತಕ್ಕೆ ಕತ್ತಲು ಬೇಕು, ಗಾಳಿಯೂ ಬೇಕು. ಹಲಗೆ ಕದವನ್ನು ಓರೆಯಾಗಿಟ್ಟರೆ ಎರಡೂ ಸಿಗುತ್ತಿದ್ದವು. ಗಾಜಿನ ಸ್ಲೈಡಿಂಗಿನಲ್ಲಿ ಅವನು ಮುಚ್ಚಿ ಬೇಯಬೇಕು, ತೆರೆದರೆ ಬೆಳಕಿನಲ್ಲಿ ಕಣ್ಣು ಬಿಟ್ಟುಕೊಂಡಿರಬೇಕು. ಕಿಟಕಿ ಆರಿಸುವ ಮಾಲೀಕ ಆ ಕೋಣೆಯಲ್ಲಿ ಮಲಗುವುದಿಲ್ಲ. ಬಾಡಿಗೆ ಎಣಿಸುವಾಗ ಅವನು ಇದನ್ನು ನೆನೆಯಬೇಕಾದ್ದು ಕರುಣೆಯಿಂದಲ್ಲ, ಹೊಣೆಯಿಂದ.

ಎಲ್ಲ ಹಳೆಯ ಕಿಟಕಿಯನ್ನೂ ಉಳಿಸಿಕೊಳ್ಳಿ ಎನ್ನುತ್ತಿಲ್ಲ. ಗೆದ್ದಲು ಚೌಕಟ್ಟಿನ ಎದೆಗೇ ನುಗ್ಗಿದ್ದರೆ ಕಿತ್ತೇ ಹಾಕಬೇಕು. ಕೆಳಪಟ್ಟಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕೊಯ್ದು ಹೊಸ ಮರ ಕೂಡಿಸಬಹುದು. ಮಣ್ಣಿನ ಗಾರೆಯ ಗೋಡೆಯಲ್ಲಿ ಹುದುಗಿದ ಚೌಕಟ್ಟನ್ನು ಸುತ್ತಿಗೆಯಿಂದ ಬಡಿದು ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ. ಹೆದ್ದಾರಿಗೇ ಮುಖ ಮಾಡಿದ ಕೋಣೆಗೆ ಯುಪಿವಿಸಿ ಸರಿಯಾದ ಆಯ್ಕೆಯೇ. ಆದರೆ ಕೊಟೇಶನ್ ಕೇಳುವಾಗ ಸ್ಲೈಡಿಂಗ್ ಬೇಡ, ಓಪನಬಲ್ ಬೇಕು ಎನ್ನಿ. ಗ್ಯಾಸ್ಕೆಟ್, ಮಲ್ಟಿಪಾಯಿಂಟ್ ಲಾಕ್, ಒಳಬದಿಗೆ ಬೇರೆಯೇ ಮೆಶ್ ಕದ ಬರೆಸಿಕೊಳ್ಳಿ. ಮನೆಯ ಎಲ್ಲ ಕಿಟಕಿಗೂ ಒಂದೇ ರೇಟು, ಒಂದೇ ಮಾದರಿ ಎಂದು ಅಂಗಡಿಯವರು ಒತ್ತಾಯಿಸಿದರೆ ಒಪ್ಪಬೇಡಿ. ರಸ್ತೆಯ ಕಡೆಗೆ ಒಂದು, ಹಿತ್ತಿಲ ಕಡೆಗೆ ಹಳೆಯದನ್ನೇ ದುರಸ್ತಿ ಮಾಡಿಸಿದ ಇನ್ನೊಂದು, ಪಡುವಣಕ್ಕೆ ಹಲಗೆ ಕದ ಉಳಿಸಿಕೊಂಡದ್ದು ಮತ್ತೊಂದು. ನೋಡಲು ಒಂದೇ ಥರ ಕಾಣದಿದ್ದರೂ ಚಿಂತೆಯಿಲ್ಲ.