ಯಂತ್ರಕ್ಕೆ ಸಂದ ಕುಂಕುಮ

ವರ್ಷದ 364 ದಿನವೂ ತನ್ನ ಯಂತ್ರವನ್ನು ಬಯ್ಯುತ್ತಲೇ ದುಡಿಸುವ ಮನುಷ್ಯನು ಮಹಾನವಮಿಯಂದು ಅದೇ ಯಂತ್ರದೆದುರು ಕೈಮುಗಿದು ನಿಲ್ಲುವುದನ್ನು ಕಂಡವರಿಗೆ ನಗು ಬರಬಹುದು. ನನಗೂ ಒಂದು ಕಾಲಕ್ಕೆ ಬರುತ್ತಿತ್ತು. ಆದರೆ ಬಿಡುವಿಲ್ಲದ ದುಡಿಮೆಯ ನಡುವೆ ಉಪಕಾರಸ್ಮರಣೆಗೆ ಎಡೆಮಾಡಿಕೊಳ್ಳುವ ಉಪಾಯಗಳನ್ನು ಎಲ್ಲೆಡೆಯೂ ಬೋಧಿಸುತ್ತಿರುವ ಈ ದಿನಗಳಲ್ಲಿ, ಆಯುಧಪೂಜೆಯೆಂಬ ನಮ್ಮ ಹಳೆಯ ಆಚಾರವನ್ನು ಭಕ್ತಿಯ ಮಾತು ಬದಿಗಿಟ್ಟು ಕೃತಜ್ಞತೆಯ ಒಂದು ಅಭ್ಯಾಸವೆಂದೇ ಒರೆಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ಹೊಸ ಉಪಾಯಗಳಲ್ಲಿ ಪ್ರಸಿದ್ಧವಾದುದು ಬರೆದಿಡುವ ಪದ್ಧತಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೊಂದರಲ್ಲಿ, ವಾರಕ್ಕೊಮ್ಮೆ ತಮಗಾದ ಉಪಕಾರಗಳನ್ನು ಐದರವರೆಗೆ ಬರೆದ ವಿದ್ಯಾರ್ಥಿಗಳು, ಕಿರುಕುಳಗಳನ್ನೇ ಪಟ್ಟಿಮಾಡಿದವರಿಗಿಂತ ತಮ್ಮ ಬಾಳಿನ ವಿಷಯದಲ್ಲಿ ಹೆಚ್ಚು ತೃಪ್ತರಾಗಿದ್ದರು. ವ್ಯಾಯಾಮವನ್ನೂ ಹೆಚ್ಚು ಮಾಡಿದ್ದರು. ಇದನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ನಾನೂ ಬರೆದು ನೋಡಿದೆನು. ಮೊದಲ ವಾರ ತಾಯಿ, ಮಳೆ, ಹಳೆಯ ಗೆಳೆಯ. ಮೂರನೆಯ ವಾರಕ್ಕೆ ‘ಕಾಫಿ ಚೆನ್ನಾಗಿತ್ತು’ ಎಂಬಲ್ಲಿಗೆ ಬಂದು ನಿಂತಿತು. ಆ ಕಾಫಿಯನ್ನು ಮಾಡಿಕೊಟ್ಟವರು ಪುಟದಲ್ಲೆಲ್ಲೂ ಕಾಣಿಸಿಕೊಳ್ಳಲಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಬೀದಿಯ ತುದಿಯ ಲೇತ್ ಅಂಗಡಿಯಲ್ಲಿ ಹಬ್ಬದ ಹಿಂದಿನ ಸಂಜೆ ನಡೆಯುವುದನ್ನು ನೋಡಬೇಕು. ಅಂಗಡಿಯಾತನು ಚಕ್ಕಿನ ದವಡೆಗಳನ್ನು ಬಿಚ್ಚಿ ಡೀಸೆಲಿನಲ್ಲಿ ಅದ್ದಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದುಗೊಂದುಗಳಲ್ಲಿ ಸೇರಿಕೊಂಡ ಕಬ್ಬಿಣದ ಪುಡಿಯನ್ನು ಕೆದಕಿ ತೆಗೆದು, ಹರಿದ ಬನಿಯನ್ನಿನಿಂದ ಮೈಯೆಲ್ಲ ಒರೆಸುತ್ತಾನೆ. ಕಳೆದ ವರ್ಷ ಹಾಗೆ ಒರೆಸುವಾಗ ಬೆಲ್ಟಿನಲ್ಲಿ ಉಗುರಿನಷ್ಟುದ್ದದ ಸೀಳು ಕಂಡಿತು. ಕೆಲಸ ಕಲಿಯುವ ಹುಡುಗನಿಗೆ ಅದನ್ನು ತೋರಿಸಿ, “ನೋಡೋ, ಪಾಪ ಇದು ಕೂಗ್ತಾನೇ ಇತ್ತು, ನಾವು ರೇಡಿಯೋ ಜೋರು ಮಾಡ್ಕೊಂಡ್ವಿ” ಎಂದನು. ತನಗಾಗಿ ಮಾಡಿದ್ದನ್ನು ಬಲ್ಲವನು ಕೃತಜ್ಞ ಎಂಬ ಅರ್ಥವನ್ನು ಆ ಪದವೇ ತನ್ನೊಳಗೆ ಹೊತ್ತಿರುವುದನ್ನು ನಿಘಂಟಿನಲ್ಲಿ ಎಷ್ಟೋ ಸಲ ಕಂಡಿದ್ದ ನನಗೆ, ಅದು ಮನಸ್ಸಿಗೆ ನಾಟಿದ್ದು ಡೀಸೆಲಿನ ವಾಸನೆಯ ನಡುವೆ. ಮರುದಿನದ ವಿಭೂತಿ, ಬಾಳೆಕಂದು, ಕಡ್ಲೆಪುರಿಗಳೆಲ್ಲ ಶೋಭೆಗಾಗಿ ಎಂದು ನನ್ನ ಎಣಿಕೆ. ಆಚಾರದ ಸತ್ತ್ವವಿರುವುದು ಹಿಂದಿನ ಸಂಜೆಯ ಒರೆಸುವಿಕೆಯಲ್ಲಿ. ಪೂಜೆಯಾದ ಯಂತ್ರವನ್ನು ಆ ದಿನ ಮತ್ತೆ ಚಾಲೂ ಮಾಡಕೂಡದೆಂಬ ಕಟ್ಟಳೆಯೂ ಸಣ್ಣದಲ್ಲ: ತನಗೆಂದು ಒಂದು ದಿನದ ವಿರಾಮವನ್ನೂ ಕೇಳದ ಮನುಷ್ಯನು ಲೇತಿನ ನೆಪದಲ್ಲಿ ಅದನ್ನು ಪಡೆಯುತ್ತಾನೆ. ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ, ಪಟ್ಟದ ಆನೆಗೆ ಸಲ್ಲುವ ಮರ್ಯಾದೆಯು ಹೊಲಿಗೆಯಂತ್ರದವರೆಗೂ ಇಳಿದು ಬಂದಿರುವುದು ಈ ಆಚಾರದ ಔದಾರ್ಯವೇ ಸರಿ.

ಔದಾರ್ಯವು ನಿಂತುಹೋಗುವ ಎಡೆಯೂ ಒಂದುಂಟು. ನಾನು ಹಿಂದೆ ಕೆಲಸದಲ್ಲಿದ್ದ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ಹಿಂದಿನ ದಿನ ಒರೆಸುತ್ತಿದ್ದವರು ಗುತ್ತಿಗೆಯ ಹೆಂಗಸರು. ಮರುದಿನ ರೇಷ್ಮೆಯುಟ್ಟು ಬಂದು ಕುಂಕುಮವಿಟ್ಟವರು ನಾವು. ಒರೆಸುವ ಕೆಲಸ ಪರರ ಪಾಲಾದಲ್ಲಿ ಅದರೊಡನೆ ಬರುವ ಅರಿವೂ ಪರರ ಪಾಲಾಗುತ್ತದೆ. ನಮಗೆ ಉಳಿದದ್ದು ಕುಂಕುಮ ಮಾತ್ರ. ಸಿಹಿಯ ಪೊಟ್ಟಣಗಳನ್ನು ಹಾಜರಿ ಪುಸ್ತಕದಂತೆ ಹಂಚಿದರು. ಆ ಪುಸ್ತಕದಲ್ಲಿ ಗುತ್ತಿಗೆಯ ಹೆಂಗಸರ ಹೆಸರಿರಲಿಲ್ಲವಾಗಿ, ಪ್ರಿಂಟರಿಗೂ ಒಂದು ಸೇವಂತಿಗೆ ಸಂದ ದಿನ ಅವರಿಗೆ ಪೊಟ್ಟಣ ಸಲ್ಲಲಿಲ್ಲ. ಗಮನಿಸಿದ ನಾನೂ ಬಾಯಿಬಿಡಲಿಲ್ಲ. ನನ್ನ ಪಾಲನ್ನು ಮನೆಗೆ ಒಯ್ದೆನು.

ಇನ್ನು ಬೀದಿಯ ಮಾತು. ವಾಹನಕ್ಕೊಂದರಂತೆ ಒಡೆದ ಬೂದುಗುಂಬಳಗಳು ನಡುರಸ್ತೆಯಲ್ಲಿ ಲೋಳೆಗಟ್ಟಿ, ದ್ವಿಚಕ್ರದವರು ಜಾರಿಬೀಳುವುದು ಪ್ರತಿವರ್ಷದ ಕಥೆ. ತನ್ನ ಗಾಡಿಗೆ ದೃಷ್ಟಿ ತಾಗದಿರಲೆಂದು ಹಾರೈಸುವವನು ಹಿಂದೆ ಬರುವವನ ಗಾಡಿಯನ್ನು ಮರೆತಿರುತ್ತಾನೆ. ವಿಜಯದಶಮಿಯ ಬೆಳಿಗ್ಗೆ ಆ ಹೋಳುಗಳನ್ನೂ ಬಾಡಿದ ಬಾಳೆಕಂದುಗಳನ್ನೂ ಗುಡಿಸಿ ತುಂಬುತ್ತಿದ್ದ ಪೌರಕಾರ್ಮಿಕ ಹೆಂಗಸಿನ ತಳ್ಳುಗಾಡಿಯ ಹಿಡಿಯ ಮೇಲೆ ಕುಂಕುಮದ ಬೊಟ್ಟೊಂದು, ಎಸಳುದುರಿದ ಹೂವೊಂದು ಕಂಡವು. ಯಾರಮ್ಮಾ ಇಟ್ಟದ್ದು ಎಂದು ಕೇಳಿದೆನು. “ನಾವಲ್ದೆ ಇನ್ಯಾರ್ ಇಡ್ತಾರೆ ಸಾಮಿ” ಎಂದು, ಕಾಲು ತೆಗೆಯುವಂತೆ ಸನ್ನೆಮಾಡಿ, ನಾನು ನಿಂತಿದ್ದ ಎಡೆಯನ್ನೂ ಗುಡಿಸಿದಳು.