ಕಾಲು ಕಲಿಸಿದ ತಾಳ

ಸಂಗೀತವನ್ನು ಕುರಿತು ಬರೆಯುವ ನಮ್ಮಲ್ಲಿ ಒಂದು ಹಳೆಯ ಚಾಳಿಯುಂಟು. ಪಾಟನ್ನು ಕೇಳಿ ತಲೆದೂಗಿದವನನ್ನು ರಸಿಕನೆನ್ನುತ್ತೇವೆ. ಎದ್ದು ಕುಣಿದವನನ್ನು ಪುಂಡನೆನ್ನುತ್ತೇವೆ. ನಾನೂ ಇದಕ್ಕೆ ಹೊರತಾಗಿರಲಿಲ್ಲ. ಈ ಚಾಳಿಯನ್ನು ಬಿಡಿಸಿದ್ದು 1941ರ ಒಂದು ಅಮೆರಿಕನ್ ಚಲನಚಿತ್ರ, 'ಹೆಲ್ಜಾಪಾಪಿನ್'. ಅದರಲ್ಲಿ ಕೆಲವೇ ನಿಮಿಷಗಳ ಒಂದು ನೃತ್ಯವಿದೆ. ಅಡಿಗೆಯವರ, ಸೇವಕರ ಉಡುಪು ತೊಟ್ಟ ಕಪ್ಪು ತರುಣ ತರುಣಿಯರು ಜೋಡಿಜೋಡಿಯಾಗಿ ನುಗ್ಗಿ ಬರುತ್ತಾರೆ; ಒಬ್ಬರನ್ನೊಬ್ಬರು ಎತ್ತಿ, ಬೆನ್ನ ಮೇಲೆ ಉರುಳಿಸಿ, ಗಾಳಿಯಲ್ಲಿ ತೂರಿ, ತಾಳ ತಪ್ಪದೆ ಮತ್ತೆ ನೆಲ ಮುಟ್ಟುತ್ತಾರೆ. ಜೊತೆಯಲ್ಲಿ ಕುಳಿತು ನೋಡುತ್ತಿದ್ದ ಮಿತ್ರರೊಬ್ಬರು, ರಾಮನವಮಿಯ ಕಚೇರಿಗಳಲ್ಲಿ ಒಂದನ್ನೂ ತಪ್ಪಿಸದವರು, "ಇದೇನು ಸ್ವಾಮಿ, ನೃತ್ಯವೋ ಗರಡಿಮನೆಯೋ?" ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರುವುದನ್ನು ಹೇಳುತ್ತೇನೆ.

ಆ ಕುಣಿತದ ಹೆಸರು ಲಿಂಡಿ ಹಾಪ್. ಅದರ ಸಂಗೀತ ಸ್ವಿಂಗ್. ಇವೆರಡೂ ಕೂಡಿ ಬೆಳೆದ ಅಂಗಳವೆಂದರೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಸವಾಯ್ ನೃತ್ಯಶಾಲೆ. 1926ರ ಮಾರ್ಚ್ 12ರಂದು ಅದು ಲೆನಾಕ್ಸ್ ಅವೆನ್ಯೂದಲ್ಲಿ ತೆರೆಯಿತು. ಅಲ್ಲಿ ವಾದ್ಯಗಾರರಿಗೆ ಎರಡು ವೇದಿಕೆಗಳಿದ್ದವು; ಒಂದು ಮೇಳ ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಜಾಗ ಅದು. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ್ದು ಎಲ್ಲರ ಬಾಯಲ್ಲಿತ್ತು. ಜಾರ್ಜ್ ಸ್ನೋಡನ್ ಎಂಬ ಕುಳ್ಳ ನರ್ತಕ ಆ ಹೆಸರನ್ನೇ ತನ್ನ ಕುಣಿತಕ್ಕೆ ಅಂಟಿಸಿದನೆಂದು ಕಥೆ.

ಜಾಸ್ ಚರಿತ್ರೆಗಳು ಸಾಮಾನ್ಯವಾಗಿ ಹೇಳುವ ಕ್ರಮ ಹೀಗೆ: ವಾದ್ಯಗಾರರು ಹೊಸ ಸಂಗೀತವನ್ನು ಕಟ್ಟಿದರು, ಹುಡುಗರು ಅದಕ್ಕೆ ಕುಣಿದರು. ಇದು ಅರ್ಧ ಸತ್ಯವೆಂಬುದು ನನ್ನ ನಂಬಿಕೆ. ಇಪ್ಪತ್ತರ ದಶಕದ ಜಾಸ್ ಬಹುಮಟ್ಟಿಗೆ ಎರಡೆರಡು ಪೆಟ್ಟಿನ ಮೇಲೆ ನಿಂತಿತ್ತು. ಕುಣಿಯುವವರ ಮೈಯೂ ನೆಟ್ಟಗೆ ಪುಟಿಯುತ್ತಿತ್ತು. ಮೂವತ್ತರ ದಶಕದಲ್ಲಿ ನಾಲ್ಕು ಪೆಟ್ಟುಗಳೂ ಸಮನಾಗಿ ಹರಿಯತೊಡಗಿದವು. ಮೈ ಮುಂದಕ್ಕೆ ಬಾಗಿ, ಮೊಣಕಾಲು ಮಡಿದು, ಹೆಜ್ಜೆ ನೆಲಕ್ಕೆ ಹತ್ತಿರವಾಗಿ ಓಡಿತು. ಯಾವುದು ಮೊದಲು, ಯಾವುದು ಅನಂತರ? ಸವಾಯ್‌ನ ಪ್ರಮುಖ ಮೇಳದ ನಾಯಕ ಚಿಕ್ ವೆಬ್, ಎಳೆತನದ ರೋಗದಿಂದ ಬೆನ್ನು ಬಾಗಿದ ಗಿಡ್ಡ ಆಳು, ಡ್ರಮ್ಮಿನ ಹಿಂದೆ ಕುಳಿತು ಕುಣಿಯುವವರನ್ನೇ ನೋಡುತ್ತ ಅವರ ಹೆಜ್ಜೆಗೆ ಪೆಟ್ಟು ಹೊಂದಿಸುತ್ತಿದ್ದನೆಂದು ನರ್ತಕ ಫ್ರಾಂಕಿ ಮ್ಯಾನಿಂಗ್ ನೆನೆಸಿಕೊಂಡಿದ್ದಾನೆ. ಬಯಲಾಟದ ಮುಂದೆ ರಾತ್ರಿಯಿಡೀ ಕುಳಿತವರಿಗೆ ಇದು ವಿಚಿತ್ರವೆನಿಸದು. ಭಾಗವತರು ವೇಷಧಾರಿಯನ್ನು ಕುಣಿಸುವುದುಂಟು. ವೇಷಧಾರಿಯ ಕಾಲು ಚೆಂಡೆಯನ್ನು ಎಳೆದುಕೊಂಡು ಹೋಗುವುದೂ ಉಂಟು.

1937ರ ಮೇ 11ರಂದು ಬೆನ್ನಿ ಗುಡ್‌ಮನ್ ತನ್ನ ಮೇಳದೊಡನೆ ಸವಾಯ್‌ಗೆ ಬಂದು ವೆಬ್‌ನೊಡನೆ ಸ್ಪರ್ಧಿಸಿದ. ದೇಶವೆಲ್ಲ ಗುಡ್‌ಮನ್‌ನನ್ನು ಸ್ವಿಂಗಿನ ರಾಜನೆಂದು ಕರೆಯುತ್ತಿತ್ತು. ಅಂದು ಗೆದ್ದವನು ವೆಬ್. ತೀರ್ಪು ಕೊಟ್ಟದ್ದು ಆ ಶಾಲೆಯ ನೆಲದ ಮೇಲಿದ್ದ ಜನ. ಯಾವ ಪೆಟ್ಟು ಮೈಯನ್ನು ಎತ್ತುತ್ತದೆ, ಯಾವುದು ಕಿವಿಯಲ್ಲೇ ಉಳಿಯುತ್ತದೆ ಎಂದು ಬಲ್ಲ ವಿಮರ್ಶಕರು ಅವರು.

ಮರುವರ್ಷ, 1938ರ ಜನವರಿ 16ರಂದು, ಅದೇ ಗುಡ್‌ಮನ್ ಕಾರ್ನೆಗಿ ಹಾಲ್‌ನಲ್ಲಿ ಕಚೇರಿ ನಡೆಸಿದ. ಶ್ರೋತೃಗಳು ಕುರ್ಚಿಗಳಲ್ಲಿ ಕುಳಿತು ಕೇಳಿದರು. ಅದೇ ರಾತ್ರಿ, ಸುಮಾರು ನಾಲ್ಕು ಮೈಲಿ ದೂರದ ಸವಾಯ್‌ನಲ್ಲಿ ವೆಬ್ ಮತ್ತು ಕೌಂಟ್ ಬೇಸಿಯ ಮೇಳಗಳ ನಡುವೆ ಪೈಪೋಟಿ. ಕಾರ್ನೆಗಿ ಹಾಲ್‌ನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕರಿಯ ಬಿಳಿಯ ಕಲಾವಿದರು ಆ ವೇದಿಕೆಯ ಮೇಲೆ ಕೂಡಿ ನುಡಿಸಿದರು. ಆದರೆ ಗ್ರಂಥಗಳಲ್ಲಿ ಅದಕ್ಕೊಂದು ಅಧ್ಯಾಯ, ಸವಾಯ್‌ಗೆ ಒಂದು ಅಡಿಟಿಪ್ಪಣಿ ಎಂದರೆ ನನ್ನ ತಕರಾರಿದೆ.

ಏಕೆಂದರೆ ಮುಂದೆ ಆದದ್ದನ್ನು ನೋಡಿ. 1944ರಲ್ಲಿ ಅಮೆರಿಕದ ಸರಕಾರ ಕುಣಿತಕ್ಕೆ ಎಡೆಯಿದ್ದ ರಂಜನಾಲಯಗಳ ಮೇಲೆ ಶೇಕಡಾ 30ರ ಯುದ್ಧಕಾಲದ ತೆರಿಗೆ ಹಾಕಿತು. ಬೇಗನೆ ಅದು 20ಕ್ಕೆ ಇಳಿದರೂ ಬಹಳ ಕಾಲ ಉಳಿಯಿತು. ಅನೇಕ ಮಾಲಿಕರಿಗೆ ಕುಣಿತವನ್ನೇ ನಿಲ್ಲಿಸುವುದು ಅಗ್ಗವೆನಿಸಿತು. ಆ ಹೊತ್ತಿಗೆ ಬಂದ ಬೀಬಾಪ್, ಕುಳಿತು ಕೇಳಬೇಕಾದ ಸಂಗೀತ. ಚಾರ್ಲಿ ಪಾರ್ಕರ್ ದೊಡ್ಡ ಕಲಾವಿದನೇ. ಆದರೆ ಜಾಸ್ ಘನತೆ ಗಳಿಸಿದ ಆ ಕಾಲದಲ್ಲಿಯೇ ತರುಣರ ಕಾಲುಗಳನ್ನು ಕಳೆದುಕೊಂಡಿತು. ಅವು ರಿದಮ್ ಅಂಡ್ ಬ್ಲೂಸ್, ರಾಕ್ ಅಂಡ್ ರೋಲ್‌ಗಳ ಕಡೆಗೆ ಹೊರಟುಹೋದವು. 1958ರಲ್ಲಿ ಸವಾಯ್ ಮುಚ್ಚಿತು. ಅಲ್ಲಿ ವಸತಿ ಕಟ್ಟಡಗಳು ಎದ್ದವು.

ನರ್ತಕರಿಗೆ ದಕ್ಕಿದ್ದೇನು? ನಾನು ನೋಡಿದ ಆ ಚಿತ್ರದಲ್ಲಿ ಅವರಿಗೆ ಸ್ವಂತ ಹೆಸರುಗಳಿಲ್ಲ. ಒಂದು ತಂಡದ ಹೆಸರಷ್ಟೆ. ಆ ನೃತ್ಯವನ್ನು ಸಂಯೋಜಿಸಿದ ಮ್ಯಾನಿಂಗ್ ಕಡೆಗೆ ಅಂಚೆ ಇಲಾಖೆಯ ನೌಕರಿ ಹಿಡಿದು ಸುಮಾರು ಮೂರು ದಶಕ ದುಡಿದ. ಎಂಬತ್ತರ ದಶಕದಲ್ಲಿ ಅಮೆರಿಕದ, ಸ್ವೀಡನ್ನಿನ ತರುಣರು ಆತನನ್ನು ಹುಡುಕಿಕೊಂಡು ಬಂದರು. 1989ರಲ್ಲಿ ಬ್ರಾಡ್‌ವೇಯ 'ಬ್ಲ್ಯಾಕ್ ಅಂಡ್ ಬ್ಲೂ' ಪ್ರದರ್ಶನದ ನೃತ್ಯಸಂಯೋಜನೆಗೆ ಇತರ ಮೂವರೊಡನೆ ಟೋನಿ ಪ್ರಶಸ್ತಿ ಬಂತು. 2009ರಲ್ಲಿ, 94ರ ವಯಸ್ಸಿನಲ್ಲಿ ತೀರಿಕೊಂಡ.

ಮೊನ್ನೆ ಮಿತ್ರರಿಗೆ ಇದನ್ನೆಲ್ಲ ಹೇಳಿ ಆ ತುಣುಕನ್ನು ಇನ್ನೊಮ್ಮೆ ತೋರಿಸಿದೆ. ಅವರು ತುಟಿ ಬಿಚ್ಚಲಿಲ್ಲ. ಆದರೆ ಅವರ ಬಲಗೈ, ಕಚೇರಿಯಲ್ಲಿ ಮಾಡುವಂತೆಯೇ, ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವರ ಪ್ರಶ್ನೆಗೆ ಅವರ ಕೈಯೇ ಉತ್ತರ ಕೊಟ್ಟಿದೆ ಎಂದು ನಾನು ಬಾಯಿಬಿಟ್ಟು ಹೇಳಲು ಹೋಗಲಿಲ್ಲ.